ಹಬ್ಬದ ದಣಿವು ಅಟ್ಟದ ಮೇಲಿದೆ

ನವರಾತ್ರಿಗೆ ಇನ್ನೊಂದು ವಾರ ಎನ್ನುವಾಗ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಒಂದೇ ಬಗೆಯ ಗಡಿಬಿಡಿ ಶುರುವಾಗುತ್ತದೆ. ಅಟ್ಟದ ಮೇಲಿನ ಸಾಮಾನು ಕೆಳಗಿಳಿಯುತ್ತದೆ, ಮೂಲೆಗಳ ಜೇಡರ ಬಲೆ ಹೊಡೆಯುತ್ತಾರೆ, ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಉತ್ತರ ಕರ್ನಾಟಕದ ಕಡೆ ಘಟ ಹಾಕುವ ಮುಂಚೆ ಮನೆಯ ಕೌದಿ, ಚಾದರ, ಜಮಖಾನೆಗಳೆಲ್ಲ ಒಗೆದು ಒಣಗಿರಬೇಕು. ವಿಜಯದಶಮಿ ಕಳೆದು ಇಪ್ಪತ್ತು ದಿನಕ್ಕೆ ದೀಪಾವಳಿ ಅಮಾವಾಸ್ಯೆ. ನೀರು ತುಂಬುವ ಹಬ್ಬದ ಹೊತ್ತಿಗೆ ಬಚ್ಚಲುಮನೆ, ಹಂಡೆಗಳ ಸರದಿ. ಇಷ್ಟೆಲ್ಲ ಮುಗಿದು ಹಬ್ಬದ ದಿನ ಬೆಳಗಾದಾಗ ಮನೆ ಹೊಳೆಯುತ್ತಿರುತ್ತದೆ, ಅದನ್ನು ಹೊಳೆಯಿಸಿದವರು ಮಾತ್ರ ಸೋತು ಹೋಗಿರುತ್ತಾರೆ.

ಈ ಸೋಲನ್ನು ದೂಳಿನ ಲೆಕ್ಕಕ್ಕೆ ಬರೆಯುವುದು ನಮ್ಮ ರೂಢಿ. ಆದರೆ ಖಾಲಿ ಕೋಣೆಯೊಂದನ್ನು ಗುಡಿಸಿ ಒರೆಸಲು ಎಷ್ಟು ಹೊತ್ತು ಬೇಕು ಎಂದು ಯೋಚಿಸಿದರೆ ರೂಢಿಯ ಲೆಕ್ಕ ತಪ್ಪೆಂದು ತಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಕೋಣೆ ಅರ್ಧ ದಿನ ನುಂಗುವುದು ಅದರೊಳಗಿನ ಶೋಕೇಸು, ಮಂಚದ ಕೆಳಗಿನ ಟ್ರಂಕು, ಬೀರುವಿನ ತಲೆಯ ಮೇಲಿನ ಸೂಟ್‌ಕೇಸು, ಸಜ್ಜಾದ ಮೇಲೆ ತುರುಕಿಟ್ಟ ರಟ್ಟಿನ ಡಬ್ಬಗಳಿಂದ. ಕೈಗೆತ್ತಿಕೊಂಡ ಪ್ರತಿ ಸಾಮಾನೂ ಒಂದು ಪ್ರಶ್ನೆ ಕೇಳುತ್ತದೆ: ಇದು ಬೇಕೋ, ಬೇಡವೋ? ಹಬ್ಬದ ಅವಸರದಲ್ಲಿ ಆ ಪ್ರಶ್ನೆಗೆ ಸಿಗುವ ಉತ್ತರ ಪ್ರತಿ ವರ್ಷವೂ ಒಂದೇ, ‘ಸದ್ಯಕ್ಕೆ ಇರಲಿ’. ಹೀಗೆ ಒರೆಸಿಕೊಂಡ ಸಾಮಾನು ಮತ್ತೆ ಅದೇ ಅಟ್ಟಕ್ಕೆ ಏರುತ್ತದೆ, ಮುಂದಿನ ವರ್ಷ ಅಷ್ಟೇ ದುಡಿಮೆಯನ್ನು ಬೇಡಲು. ಹಬ್ಬದ ಹೊರೆ ಇಳಿಯಬೇಕಾದರೆ ಇನ್ನಷ್ಟು ಚುರುಕಾಗಿ ಸ್ವಚ್ಛ ಮಾಡುವುದನ್ನು ಕಲಿಯಬೇಕಿಲ್ಲ. ಬೇಕು-ಬೇಡದ ತೀರ್ಮಾನವನ್ನು ಸ್ವಚ್ಛತೆಯ ಕೆಲಸದಿಂದ ಬಿಡಿಸಿ, ಅದನ್ನು ಹಬ್ಬದ ವಾರಕ್ಕಿಂತ ಸಾಕಷ್ಟು ಮೊದಲೇ ಮುಗಿಸಬೇಕು.

ಮನೆ ತುಂಬಿದಷ್ಟೂ ಮನಸ್ಸಿಗೆ ಭಾರ

ಸಾಮಾನಿಗೂ ದಣಿವಿಗೂ ಇರುವ ನಂಟನ್ನು ಅಳೆಯುವ ಪ್ರಯತ್ನಗಳು ನಡೆದಿವೆ. ಅಮೆರಿಕದ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳ 60 ಮಂದಿ ತಮ್ಮ ಮನೆಯನ್ನು ಸುತ್ತಿ ತೋರಿಸುತ್ತ ಅದರ ಬಗ್ಗೆ ಮಾತಾಡಿದ್ದರು. ಅವರು ಬಳಸಿದ ಪದಗಳನ್ನು ಒಂದೆಡೆ ವಿಶ್ಲೇಷಿಸಿ, ಇನ್ನೊಂದೆಡೆ ಅವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪ್ರಮಾಣವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದರು. ಬೆಳಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುವುದು ಈ ಹಾರ್ಮೋನಿನ ಆರೋಗ್ಯಕರ ನಡೆ. ಮನೆ ಅಸ್ತವ್ಯಸ್ತವಾಗಿದೆ, ಕೆಲಸ ಅರ್ಧಕ್ಕೇ ನಿಂತಿದೆ ಎಂಬ ಮಾತು ಹೆಚ್ಚಾಗಿ ಬಂದ ಹೆಂಗಸರಲ್ಲಿ ಈ ಇಳಿತ ಸರಿಯಾಗಿ ಕಾಣಲಿಲ್ಲ. ಅಧ್ಯಯನ ಸಣ್ಣದು, ಅಮೆರಿಕದ್ದು. ದಣಿದವರಿಗೆ ಮನೆ ಇದ್ದದ್ದಕ್ಕಿಂತ ಹೆಚ್ಚು ಅಸ್ತವ್ಯಸ್ತವಾಗಿ ಕಂಡಿರಲೂ ಸಾಧ್ಯ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇದೊಂದರಿಂದಲೇ ಹೇಳಲಾಗದು. ಆದರೂ ಒಂದು ಮಾತು ಇದರಿಂದ ಹೊರಡುತ್ತದೆ: ಮನೆಯನ್ನು ‘ಇನ್ನೂ ಮಾಡಬೇಕಾದ ಕೆಲಸ’ವಾಗಿ ನೋಡುವವರಿಗೆ ಮನೆಗೆ ಬಂದ ಮೇಲೂ ವಿಶ್ರಾಂತಿ ಸಿಗುವುದಿಲ್ಲ.

ಆ ನೋಟ ಯಾರ ಪಾಲಿಗೆ ಬಂದಿದೆ ಎಂಬುದಕ್ಕೆ ನಮ್ಮ ದೇಶದ ಅಂಕಿಗಳೇ ಇವೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷ ದುಡಿಯುತ್ತಿದ್ದರೆ ಅಂಥ ಕೆಲಸಕ್ಕೆ ಕೈಹಾಕಿದ ಗಂಡಸರ ಪಾಲು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88 ಆದವು. ಅಂದರೆ ಎರಡೂ ಕಡೆ ಒಂದಿಷ್ಟು ಇಳಿದು, ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಇದು ಸಾಮಾನ್ಯ ದಿನಗಳ ಲೆಕ್ಕ. ಹಬ್ಬದ ವಾರದ ಹೆಚ್ಚುವರಿ ಕೆಲಸ ಇದರ ಮೇಲೆ ಬಂದು ಕೂರುತ್ತದೆ.

ಜಾಗ ಕಡಿಮೆಯಾದ್ದರಿಂದ ಈ ಪಾಡು, ದೊಡ್ಡ ಮನೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅನೇಕರು ವಾದಿಸುತ್ತಾರೆ. ಇದಕ್ಕೂ ಅಮೆರಿಕದಿಂದಲೇ ಉತ್ತರ ಬಂದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಲಾಸ್ ಏಂಜಲೀಸ್‌ನ 32 ಮಧ್ಯಮವರ್ಗದ ಕುಟುಂಬಗಳ ಸಾಮಾನನ್ನು ದಾಖಲಿಸಿ 2012ರಲ್ಲಿ ಪುಸ್ತಕವಾಗಿ ತಂದರು. ಕಾರಿಗೆಂದೇ ಕಟ್ಟಿದ ಗ್ಯಾರೇಜುಗಳಲ್ಲಿ ಕಾರು ನಿಲ್ಲಿಸಲು ಜಾಗವಿದ್ದದ್ದು ನಾಲ್ಕರಲ್ಲಿ ಒಂದರಲ್ಲಿ ಮಾತ್ರ. ಉಳಿದವನ್ನು ಸಾಮಾನು ಆಕ್ರಮಿಸಿತ್ತು. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಈ ಗ್ಯಾರೇಜಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಜಾಗ ಹಿಗ್ಗಿದರೆ ಸಾಮಾನೂ ಹಿಗ್ಗುತ್ತದೆ ಎನ್ನುವುದಾದರೆ, ಹಬ್ಬದ ಮುಂಚೆ ಹೊಸ ರ‍್ಯಾಕು, ಪ್ಲಾಸ್ಟಿಕ್ ಡ್ರಾಯರು, ಜಿಪ್ ಚೀಲಗಳನ್ನು ಕೊಂಡು ತರುವುದು ಮದ್ದಾಗುವುದಿಲ್ಲ. ತೀರ್ಮಾನವಾಗದ ಸಾಮಾನನ್ನು ಅಂದವಾಗಿ ಬಚ್ಚಿಡಲು ಅವು ಸಹಾಯ ಮಾಡುತ್ತವೆ, ಅಷ್ಟೇ. ಡಬ್ಬಿ-ಪೆಟ್ಟಿಗೆ ಬೇಕೇಬೇಕು ಎನಿಸಿದರೆ, ಸಾಮಾನು ಕಡಿಮೆಯಾದ ಮೇಲೆ ಅಳತೆ ನೋಡಿ ಕೊಳ್ಳಬಹುದು.

ಪಕ್ಷಮಾಸವೆಂಬ ಬಿಡುವು

ಹಾಗಾದರೆ ಈ ತೀರ್ಮಾನಗಳಿಗೆ ಸಮಯ ಯಾವಾಗ? ನಮ್ಮ ಪಂಚಾಂಗದಲ್ಲೇ ಅದಕ್ಕೊಂದು ಜಾಗವಿದೆ. ಗಣಪತಿ ಹಬ್ಬ ಮುಗಿದ ಮೇಲೆ, ಭಾದ್ರಪದ ಹುಣ್ಣಿಮೆಯ ಮರುದಿನದಿಂದ ಮಹಾಲಯ ಅಮಾವಾಸ್ಯೆಯವರೆಗಿನ ಹದಿನೈದು ದಿನ ಪಿತೃಪಕ್ಷ, ಅಂದರೆ ಪಕ್ಷಮಾಸ. ಮದುವೆ, ಗೃಹಪ್ರವೇಶ, ಚಿನ್ನ-ವಾಹನ ಖರೀದಿಗಳನ್ನು ಬಹಳ ಮನೆಗಳಲ್ಲಿ ಈ ಅವಧಿಯಲ್ಲಿ ದೂರವಿಡುತ್ತಾರೆ. ವರಮಹಾಲಕ್ಷ್ಮಿ, ಗೌರಿ ಹಬ್ಬಗಳ ಬಾಗಿನ, ತಾಂಬೂಲ, ಉಡುಗೊರೆಗಳು ಮನೆ ಸೇರಿ ಆಗಿರುತ್ತದೆ; ದೀಪಾವಳಿಯ ಖರೀದಿ ಇನ್ನೂ ಶುರುವಾಗಿರುವುದಿಲ್ಲ. ವರ್ಷದಲ್ಲಿ ಮನೆಗೆ ಹೊಸ ಸಾಮಾನು ಕಡಿಮೆ ಬರುವ ಈ ಹದಿನೈದು ದಿನ, ಬೇಡದ್ದನ್ನು ಹೊರಗೆ ಕಳಿಸಲು ಹೇಳಿಮಾಡಿಸಿದ ಕಾಲ. ಪಿತೃಪಕ್ಷದಲ್ಲಿ ಮನೆಯ ಸಾಮಾನಿಗೆ ಕೈಹಾಕಬಾರದೆಂಬ ಆಕ್ಷೇಪ ಹಿರಿಯರಿಂದ ಬರಬಹುದು. ಆ ಅವಧಿಯಲ್ಲಿ ಸಾಮಾನ್ಯವಾಗಿ ಬಿಡುವುದು ಶುಭಕಾರ್ಯಗಳ ಆರಂಭವನ್ನು. ಹಳೆಯ ಪೇಪರು ಗುಜರಿಗೆ ಹಾಕುವುದು ಯಾವ ಶುಭಾರಂಭವೂ ಆಗದು. ಮನೆಯಲ್ಲಿ ಶ್ರಾದ್ಧವಿದ್ದರೆ ಆ ದಿನವನ್ನೂ ಅದರ ಹಿಂದಿನ ದಿನವನ್ನೂ ಬಿಟ್ಟು ಉಳಿದದ್ದನ್ನು ಬಳಸಿಕೊಂಡರಾಯಿತು.

ಕ್ರಮ ಸರಳ: ದಿನಕ್ಕೆ ಒಂದು ಗಂಟೆ, ಒಂದೇ ಜಾಗ. ಒಂದು ದಿನ ಅಡುಗೆಮನೆಯ ಕೆಳಗಿನ ಕಪಾಟು, ಇನ್ನೊಂದು ದಿನ ಒಂದು ಬೀರು, ಮತ್ತೊಂದು ದಿನ ಟಿ.ವಿ. ಕೆಳಗಿನ ಡ್ರಾಯರು. ಇಡೀ ಮನೆಯನ್ನು ಒಂದೇ ಭಾನುವಾರ ನೆಲಕ್ಕಿಳಿಸಿದರೆ ಸಂಜೆ ಮಲಗಲು ಜಾಗವಿಲ್ಲದೆ, ಸಿಕ್ಕಿದ್ದನ್ನು ಸಿಕ್ಕಲ್ಲಿ ತುರುಕುವ ಪಾಡು ಬರುತ್ತದೆ. ಈ ಒಂದು ಗಂಟೆಯಲ್ಲಿ ತಿಕ್ಕುವುದು, ತೊಳೆಯುವುದು ಬೇಡ. ತೀರ್ಮಾನವಷ್ಟೇ ಆಗಲಿ: ಇಡುವುದು, ಕೊಡುವುದು, ಗುಜರಿಗೆ ಹಾಕುವುದು. ತೊಳೆಯುವ ಕೆಲಸಕ್ಕೆ ಹವಾಮಾನವೂ ಕೂಡಿಬರಬೇಕು. ದಸರೆಯ ಆಸುಪಾಸಿನಲ್ಲಿ ಹಸ್ತ, ಚಿತ್ತ ಮಳೆಗಳು ಇನ್ನೂ ಬಾಕಿ ಇರುವುದರಿಂದ ಹೊದಿಕೆಗಳನ್ನೆಲ್ಲ ಕೊನೆಯ ಎರಡು ದಿನಕ್ಕೆ ಉಳಿಸಿಕೊಂಡವರು ಒದ್ದೆ ಕೌದಿಗಳ ನಡುವೆಯೇ ಘಟ ಹಾಕಬೇಕಾದೀತು. ಬಿಸಿಲು ಸಿಕ್ಕ ದಿನ ಎರಡೆರಡು ಹೊದಿಕೆ ಮುಗಿಸುತ್ತ ಹೋಗುವುದು ಲೇಸು. ಮಳೆಗಾಲದ ತೇವ ಹಿಡಿದ ಮಲೆನಾಡು, ಕರಾವಳಿಯ ಮನೆಗಳಿಗಂತೂ ಇದು ಬೂಸ್ಟು ಹತ್ತಿದ್ದನ್ನು ಗುರುತಿಸಿ ಬೇರೆ ಮಾಡುವ ಕಾಲವೂ ಹೌದು. ಕ್ರಿಸ್‌ಮಸ್ ಆಚರಿಸುವ ಮನೆಗಳಿಗೆ ಡಿಸೆಂಬರ್ 25ಕ್ಕೆ ಮುಂಚಿನ ಆಗಮನ ಕಾಲದ ವಾರಗಳಿವೆ. ಕುಸ್ವಾರ್ ತಿಂಡಿಗಳ ಕೆಲಸ ಹತ್ತಿಕೊಳ್ಳುವ ಮೊದಲೇ ಅಡುಗೆಮನೆಯ ತೀರ್ಮಾನಗಳು ಮುಗಿದಿದ್ದರೆ ಅಲ್ಲೂ ಇದೇ ಲಾಭ.

ಯಾವ ದಿನಕ್ಕೆ ಬೇಕು?

ಸಾಮಾನು ಕಡಿಮೆ ಮಾಡುವ ಬಗ್ಗೆ ಈಚಿನ ವರ್ಷಗಳಲ್ಲಿ ಜಗತ್ತಿನ ತುಂಬ ಹೆಸರಾದವರು ಜಪಾನಿನ ಮರಿಯೆ ಕೊಂಡೊ. ಕೈಗೆತ್ತಿಕೊಂಡ ವಸ್ತು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ, ಕೊಟ್ಟರೆ ಇಟ್ಟುಕೊಳ್ಳಿ ಎಂಬುದು ಅವರ ಸೂತ್ರ. ಇನ್ನು ಕೆಲವರು ಆರು ತಿಂಗಳಿಂದ ಬಳಸದ್ದನ್ನೆಲ್ಲ ಹೊರಹಾಕಿ ಎನ್ನುತ್ತಾರೆ. ಎರಡೂ ಸೂತ್ರಗಳು ನಮ್ಮ ಮನೆಗಳಲ್ಲಿ ಎಡವುತ್ತವೆ. ಒತ್ತುಶ್ಯಾವಿಗೆ ಮಣೆ, ಹೋಳಿಗೆ ಕಾವಲಿ, ನೂರು ಎಲೆಗೆ ಅನ್ನ ಬಡಿಸುವ ಕೊಳಗ, ಶ್ರಾದ್ಧಕ್ಕೆಂದೇ ಎತ್ತಿಟ್ಟ ಪಾತ್ರೆಗಳು ಹನ್ನೊಂದು ತಿಂಗಳು ಸುಮ್ಮನಿರುತ್ತವೆ. ಸಂತೋಷ ಕೊಡುತ್ತವೆಯೇ ಎಂದು ಕೇಳಿದರೆ ನಗು ಬಂದೀತು. ಆದರೂ ಅವು ಬೇಕು. ಆದ್ದರಿಂದ ನಮ್ಮ ಮನೆಗಳಿಗೆ ಒಪ್ಪುವ ಪ್ರಶ್ನೆ ಬೇರೆ: ಮುಂದಿನ ಒಂದು ವರ್ಷದಲ್ಲಿ ಇದು ಯಾವ ದಿನ ಹೊರಗೆ ಬರುತ್ತದೆ? ಯುಗಾದಿಗೆ, ಗೌರಿ ಹಬ್ಬಕ್ಕೆ, ಅಜ್ಜನ ತಿಥಿಗೆ, ಬೇಸಿಗೆ ರಜೆಯಲ್ಲಿ ಹಪ್ಪಳ ಇಡುವಾಗ ಎಂದು ಉತ್ತರ ಹೇಳಲು ಬಂದರೆ ಆ ವಸ್ತುವಿಗೆ ಮನೆಯಲ್ಲಿ ಹಕ್ಕಿದೆ. ‘ಯಾವತ್ತಾದರೂ ಬೇಕಾಗಬಹುದು’ ಎಂಬುದು ದಿನದ ಹೆಸರಲ್ಲ.

ದಿನ ಗೊತ್ತಿರುವ ಸಾಮಾನನ್ನು ಹೇಗೆ ಇಡಬೇಕೆಂಬುದಕ್ಕೆ ಹಳೆಯ ಮೈಸೂರು ಸೀಮೆಯ ದಸರಾ ಗೊಂಬೆಯ ಪೆಟ್ಟಿಗೆ ಒಳ್ಳೆಯ ಪಾಠ. ಗೊಂಬೆಗಳೆಲ್ಲ ಒಂದೇ ಕಡೆ ಇರುತ್ತವೆ, ಒಂದೊಂದನ್ನೂ ಹಳೆಯ ಮೆತ್ತನೆಯ ಪಂಚೆಯ ತುಂಡಿನಲ್ಲಿ ಸುತ್ತಿರುತ್ತಾರೆ, ಪಾಡ್ಯದ ಹೊತ್ತಿಗೆ ಪೆಟ್ಟಿಗೆ ತೆರೆದು ಹಬ್ಬ ಮುಗಿದ ಮೇಲೆ ಮತ್ತೆ ಮುಚ್ಚುತ್ತಾರೆ. ಪೆಟ್ಟಿಗೆ ತುಂಬಿದರೆ ಹೊಸ ಗೊಂಬೆ ಕೊಳ್ಳುವ ಮೊದಲು ಯೋಚಿಸುತ್ತಾರೆ. ಇದೇ ಕ್ರಮವನ್ನು ಉಳಿದ ಹಬ್ಬದ ಸಾಮಾನಿಗೂ ಹಚ್ಚಬಹುದು. ದೀಪಾವಳಿಯ ಹಣತೆ, ಆಕಾಶಬುಟ್ಟಿ, ಸೀರಿಯಲ್ ಸೆಟ್ಟುಗಳು ಒಂದು ಡಬ್ಬದಲ್ಲಿ. ವರಮಹಾಲಕ್ಷ್ಮಿಯ ಮುಖವಾಡ, ಕಳಶ, ಅಲಂಕಾರ ಇನ್ನೊಂದರಲ್ಲಿ. ಆಯುಧಪೂಜೆಗೆ ಹೊರಬರುವ ಸುತ್ತಿಗೆ, ಸ್ಪ್ಯಾನರು, ಸ್ಕ್ರೂಡ್ರೈವರುಗಳು ಮತ್ತೊಂದರಲ್ಲಿ. ಡಬ್ಬದ ಹೊರಗೆ ಹಬ್ಬದ ಹೆಸರು ಮತ್ತು ಒಳಗಿನ ಸಾಮಾನಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದರೆ, ಹುಡುಕುವ ಕೆಲಸ ಮನೆಯ ಒಬ್ಬರ ನೆನಪಿಗೇ ಜೋತುಬೀಳುವುದಿಲ್ಲ. ಮೊದಲು ಬರುವ ಹಬ್ಬದ ಡಬ್ಬ ಅಟ್ಟದ ಮುಂಭಾಗದಲ್ಲಿರಲಿ. ಅಟ್ಟದ ಮೇಲೆ ಹಗುರವಾದದ್ದು, ಕೆಳಗೆ ಭಾರದ್ದು ಎಂಬ ನಿಯಮ ಮುರಿಯಬಾರದು. ಕುರ್ಚಿಯ ಮೇಲೆ ಸ್ಟೂಲಿಟ್ಟು ಕೊಳಗ ಇಳಿಸುವ ಸಾಹಸ ಯಾವ ಹಬ್ಬಕ್ಕೂ ಬೇಡ.

ದಿನಬಳಕೆಯ ಕಡೆ ಬಂದರೆ, ಅಡುಗೆಮನೆಯೇ ಮೊದಲಾಗಬೇಕು. ಹಬ್ಬದ ವಾರದಲ್ಲಿ ಅತಿ ಹೆಚ್ಚು ಹೊತ್ತು ಕಳೆಯುವ ಜಾಗ ಅದು. ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರಡಿ ಮುಚ್ಚಳ ಹೊಂದಿಸಿದರೆ ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳಗಳು ತಾವಾಗಿಯೇ ಬೇರೆಯಾಗುತ್ತವೆ. ಐಸ್‌ಕ್ರೀಮಿನ, ಹೋಟೆಲ್ ಪಾರ್ಸೆಲ್ಲಿನ ಡಬ್ಬಿಗಳಲ್ಲಿ ನೆಂಟರಿಗೆ ತಿಂಡಿ ಕಟ್ಟಿಕೊಡಲು ಬೇಕಾದಷ್ಟನ್ನು ಎಣಿಸಿ ಇಟ್ಟುಕೊಂಡರೆ ಸಾಕು. ಲೇಪ ಕಿತ್ತುಬಂದ ನಾನ್‌ಸ್ಟಿಕ್ ತವಾ, ಹಿಡಿ ಸಡಿಲವಾದ ಕುಕ್ಕರುಗಳ ಬಗ್ಗೆ ಈಗಲೇ ತೀರ್ಮಾನವಾಗಲಿ. ಬೇಳೆಕಾಳು, ರವೆ, ಸಾಂಬಾರ ಪದಾರ್ಥಗಳನ್ನು ನೋಡಿ, ಹುಳ ಬಿದ್ದದ್ದನ್ನು ತೆಗೆದು, ಇರುವುದನ್ನು ಪಟ್ಟಿ ಮಾಡಿದ ಮೇಲೆ ಹಬ್ಬದ ದಿನಸಿ ಚೀಟಿ ಬರೆಯಬೇಕು. ಹೀಗೆ ಮಾಡದ ಮನೆಗಳಲ್ಲೇ ಅರ್ಧ ಬಳಸಿದ ಚಿರೋಟಿ ರವೆಯ ಮೂರು ಪೊಟ್ಟಣಗಳು ಒಟ್ಟಿಗೆ ಸಿಗುವುದು.

ಬಟ್ಟೆಯಲ್ಲಿ ತಲೆನೋವು ಎರಡು ಬಗೆಯದು. ಬೆಲೆಬಾಳುವ ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ನುಸಿಗುಳಿಗೆ ಜರಿಗೆ ತಾಗದಂತೆ ದೂರವಿರಬೇಕು. ಈ ಕೆಲಸಕ್ಕೆ ಕೈಹಾಕಿದಾಗ ಉಡುವ ಸೀರೆ ಯಾವುದು, ಬರೀ ಕಾಯುವ ಸೀರೆ ಯಾವುದು ಎಂಬುದೂ ತಿಳಿದುಬಿಡುತ್ತದೆ. ಇನ್ನೊಂದು, ಬಾಗಿನ-ತಾಂಬೂಲಗಳಲ್ಲಿ ಬಂದು ಸೇರುವ ಬ್ಲೌಸ್ ಪೀಸುಗಳ ರಾಶಿ. ಅವನ್ನು ಬಣ್ಣ, ಅಳತೆ ನೋಡಿ ವಿಂಗಡಿಸಿ, ಹೊಲಿಸಿಕೊಳ್ಳುವುದನ್ನು ಎತ್ತಿಟ್ಟು, ಉಳಿದವನ್ನು ಒಂದೇ ಚೀಲಕ್ಕೆ ಹಾಕಿದರೆ ನವರಾತ್ರಿಯ ಅರಿಶಿನ-ಕುಂಕುಮಕ್ಕೆ ಹೊಸದಾಗಿ ಕೊಳ್ಳುವುದು ತಪ್ಪುತ್ತದೆ. ಕಾಗದಪತ್ರಗಳಲ್ಲಿ ಕ್ರಯಪತ್ರ, ಖಾತೆ, ಜನನ-ಮರಣ ಪ್ರಮಾಣಪತ್ರ, ಅಂಕಪಟ್ಟಿ, ವಿಮೆ ಪಾಲಿಸಿಗಳು ಒಂದೇ ಫೈಲಿನಲ್ಲಿರಲಿ, ಅದು ಎಲ್ಲಿದೆ ಎಂದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ವಾರಂಟಿ ಮುಗಿದ ಮಿಕ್ಸಿಯ ಬಿಲ್ಲು ಹೋಗಬಹುದು. ಆಧಾರ್, ಪ್ಯಾನ್ ಜೆರಾಕ್ಸುಗಳನ್ನು ಮಾತ್ರ ಚೂರು ಚೂರು ಹರಿದೇ ರದ್ದಿಗೆ ಹಾಕಬೇಕು.

ಬಿಡಲು ಮನಸ್ಸು ಬಾರದಾಗ

ಇಲ್ಲಿಯವರೆಗೆ ಒಪ್ಪಿದವರೂ ಕೈ ಹಿಂದೆಗೆಯುವ ಘಟ್ಟ ಒಂದಿದೆ: ಸಾಮಾನು ಬೇಡವೆಂದು ಗೊತ್ತಿದ್ದರೂ ಬಿಡಲು ಆಗುವುದಿಲ್ಲ. ಇದು ಮನುಷ್ಯರ ಸಹಜ ಗುಣ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ತಂಡಕ್ಕೆ ಸಾಧಾರಣ ಕಾಫಿ ಮಗ್ಗುಗಳನ್ನು ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ಗು ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಗ್ಗು ಕೈಸೇರಿ ಸ್ವಲ್ಪ ಹೊತ್ತಾಗಿದ್ದವರು ಹೇಳಿದ ಬೆಲೆ, ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಒಂದು ಮಗ್ಗಿನ ವಿಷಯದಲ್ಲೇ ಹೀಗಾದರೆ ಮೂವತ್ತು ವರ್ಷದಿಂದ ಮನೆಯಲ್ಲಿರುವ ಸ್ಟೀಲ್ ಡ್ರಮ್ಮಿನ ಮಾತೇನು! ಈ ಪಕ್ಷಪಾತವನ್ನು ಮೀರಲು ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಇದು ನಮ್ಮಲ್ಲಿ ಇಲ್ಲದೇ ಇದ್ದಿದ್ದರೆ ಇವತ್ತು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುತ್ತಿದ್ದೆವೇ? ಬಾಡಿಗೆ ಮನೆಯವರು ಇನ್ನೊಂದು ಲೆಕ್ಕವನ್ನೂ ಹಾಕಬಹುದು. 600 ಚದರ ಅಡಿಯ ಮನೆಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆಯಾದರೆ ಚದರ ಅಡಿಗೆ 25 ರೂಪಾಯಿ ಬಿತ್ತು. ಮುರಿದ ಕುರ್ಚಿ, ಕೆಟ್ಟ ಕೂಲರು, ಹಳೆಯ ಹಾಸಿಗೆಗಳು 20 ಚದರ ಅಡಿ ಹಿಡಿದರೆ ಅವುಗಳ ಬಾಡಿಗೆಯೇ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ. ಸಾಮಾನು ಕಡಿಮೆ ಮಾಡುವುದು ಬಂಗಲೆಯವರ ಶೋಕಿ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಎರಡೇ ಕೋಣೆ ಇರುವವರಿಗೇ ಇದರ ಅಗತ್ಯ ಹೆಚ್ಚು.

ಹಿರಿಯರ ಆಕ್ಷೇಪಕ್ಕೆ ಮಾತ್ರ ಲೆಕ್ಕದಿಂದ ಉತ್ತರ ಕೊಡಲಾಗದು. ನಾವು ಒಂದು ದಾರವನ್ನೂ ಬಿಸಾಡಿದವರಲ್ಲ ಎಂದು ಅವರು ಹೇಳುವಾಗ ಅದರಲ್ಲಿ ಕೊರತೆಯ ಕಾಲದ ಅನುಭವವಿದೆ, ಸತ್ಯವೂ ಇದೆ. ಆದರೆ ಆ ಕಾಲದಲ್ಲಿ ಉಳಿಸಿದ ವಸ್ತು ಸುಮ್ಮನೆ ಕೂರುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಹಳೆಯ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಒರೆಸುವ ಬಟ್ಟೆಯಾಗುತ್ತಿತ್ತು. ಹಿತ್ತಾಳೆ ಪಾತ್ರೆ ಕಲಾಯಿ ಹಾಕಿಸಿಕೊಂಡು ಮತ್ತೆ ಒಲೆಗೆ ಏರುತ್ತಿತ್ತು. ಒಡೆದ ತಾಮ್ರ ಕರಗಿ ಹೊಸ ತಂಬಿಗೆಯಾಗುತ್ತಿತ್ತು. ಉಳಿತಾಯವೆಂದರೆ ಮರುಬಳಕೆಯಾಗಿತ್ತು. ಇಂದಿನ ಪ್ಲಾಸ್ಟಿಕ್ ಡಬ್ಬಿಗೂ ಕೆಟ್ಟ ಚಾರ್ಜರಿಗೂ ಮನೆಯೊಳಗೆ ಅಂಥ ಮುಂದಿನ ಹಂತವಿಲ್ಲ. ಹಾಗಾಗಿ ಹಿರಿಯರ ನೀತಿಗೆ ನಿಷ್ಠರಾಗಿರುವುದೆಂದರೆ ವಸ್ತುವನ್ನು ಬಳಸುವವರ ಕೈ ಸೇರಿಸುವುದು. ಅವರ ಸ್ವಂತ ಸಾಮಾನಿನ ಬಗ್ಗೆ ತೀರ್ಮಾನ ಅವರದೇ ಇರಬೇಕು. ಊರಿಗೆ ಹೋದಾಗ ಅವರ ಟ್ರಂಕು ಖಾಲಿ ಮಾಡುವುದು ನಂಬಿಕೆದ್ರೋಹ. ಅಜ್ಜಿಯ ಹಿತ್ತಾಳೆ ಸಾಮಾನನ್ನು ಒಬ್ಬರೇ ಅಟ್ಟದಲ್ಲಿ ಕಾಯುವ ಬದಲು ಮಕ್ಕಳು, ಮೊಮ್ಮಕ್ಕಳು ಒಂದೊಂದು ಪಾತ್ರೆ ಹಂಚಿಕೊಂಡು ಬಳಕೆಗೆ ತಂದರೆ ನೆನಪಿಗೆ ಹೆಚ್ಚು ಮರ್ಯಾದೆ.

ಹೊರಗೆ ಹೋದದ್ದು ಎಲ್ಲಿಗೆ?

ಮನೆಯಿಂದ ಹೊರಬಿದ್ದ ಸಾಮಾನು ಬೀದಿಯ ಮೂಲೆಯಲ್ಲಿ ಬಿದ್ದರೆ ಅದು ಮನೆಯ ಕಸವನ್ನು ಊರಿನ ತಲೆಗೆ ಕಟ್ಟಿದಂತೆ ಎಂಬ ಪರಿಸರದ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ ವಿಂಗಡಣೆಗೆ ಹದಿನೈದು ದಿನ ಬೇಕಾಗುವುದು; ಹಬ್ಬದ ಹಿಂದಿನ ರಾತ್ರಿ ಹೊರಹಾಕಿದ್ದು ಬೀದಿಗಲ್ಲದೆ ಇನ್ನೆಲ್ಲಿಗೆ ಹೋದೀತು? ಪೇಪರು, ಕಬ್ಬಿಣ, ಪ್ಲಾಸ್ಟಿಕ್, ರಟ್ಟು ಗುಜರಿಯವರಿಗೆ ಇಲ್ಲವೇ ನಗರಗಳಲ್ಲಿ ವಾರ್ಡಿನ ಒಣಕಸ ಸಂಗ್ರಹ ಕೇಂದ್ರಕ್ಕೆ ಹೋಗಬೇಕು. ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹೊಲಿದು, ಉಡುವಂತಿದ್ದರೆ ಮಾತ್ರ. ಹರಕು ಬಟ್ಟೆ ದಾನವಾಗುವುದಿಲ್ಲ. ಹಳೆಯ ಮೊಬೈಲು, ಚಾರ್ಜರು, ಕೆಟ್ಟ ಸೀರಿಯಲ್ ಸೆಟ್ಟುಗಳಿಗೆ ಬೇರೆಯೇ ದಾರಿಯಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇವುಗಳ ಮರುಬಳಕೆಯ ಹೊಣೆಯನ್ನು ತಯಾರಕ ಕಂಪನಿಗಳ ಮೇಲೆ ಹೊರಿಸಿವೆ. ಅಧಿಕೃತ ಸಂಗ್ರಹ ಕೇಂದ್ರಗಳಿಗೇ ಇವನ್ನು ಮುಟ್ಟಿಸಬೇಕು. ಫೋನಿನಿಂದ ಸಿಮ್ ತೆಗೆದು, ಒಳಗಿನದನ್ನೆಲ್ಲ ಅಳಿಸಿ ಕೊಡುವುದನ್ನು ಮರೆಯಬಾರದು. ಉಬ್ಬಿದ ಪವರ್ ಬ್ಯಾಂಕು, ಬ್ಯಾಟರಿಗಳಿಗೆ ಬೆಂಕಿ ಹೊತ್ತುವ ಅಪಾಯವಿರುವುದರಿಂದ ಅವು ಡ್ರಾಯರಿನಲ್ಲಿ ಒಂದು ದಿನವೂ ಹೆಚ್ಚಿಗೆ ಇರಬಾರದು. ಅವಧಿ ಮುಗಿದ ಔಷಧಿಗಳನ್ನು ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಬೇಕು.

ತಾರಸಿ, ಬಾಲ್ಕನಿಗಳ ವಿಷಯದಲ್ಲಿ ತಡಮಾಡುವುದು ಆರೋಗ್ಯಕ್ಕೇ ಅಪಾಯ. ಹಳೆಯ ಟೈರು, ಒಡೆದ ಕುಂಡ, ಬಕೆಟ್ಟುಗಳಲ್ಲಿ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದೂವರೆ ವಾರವೂ ಬೇಕಿಲ್ಲ. ಇಂಥ ತಾಣಗಳನ್ನು ಉಳಿಸಿಕೊಂಡವರಿಗೆ ದಂಡ ಹಾಕುವ ನಿಯಮವನ್ನು ರಾಜ್ಯ ಸರ್ಕಾರ 2024ರಲ್ಲಿ ತಂದಿದೆ. ಅಲ್ಲೇ ಪೇರಿಸಿಟ್ಟ ರಟ್ಟು, ಹಳೆಯ ಹಾಸಿಗೆ, ತೆಂಗಿನ ನಾರುಗಳ ಮೇಲೆ ದೀಪಾವಳಿಯ ರಾತ್ರಿ ರಾಕೆಟ್ಟಿನ ಕಿಡಿ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ದೇವರ ಮನೆಯ ಮಾಸಿದ ಪಟಗಳು, ಹಳೆಯ ಕ್ಯಾಲೆಂಡರುಗಳು, ದೇವರ ಚಿತ್ರವಿರುವ ಲಗ್ನಪತ್ರಿಕೆಗಳನ್ನು ಅಶ್ವತ್ಥಕಟ್ಟೆಯಲ್ಲಿ ಇಟ್ಟು ಬರುವ ರೂಢಿಯಿಂದ ದೇವರಿಗೂ ಮರಕ್ಕೂ ಗೌರವ ಸಿಗದು. ಗಾಜು, ಚೌಕಟ್ಟು ಬಿಡಿಸಿ, ಕಾಗದವನ್ನು ಕಾಗದದ ಜೊತೆ ಮರುಬಳಕೆಗೆ, ಲೋಹದ ವಿಗ್ರಹವನ್ನು ಕರಗಿಸುವವರಿಗೆ ಕೊಡುವುದು, ಮಣ್ಣಿನ ಮೂರ್ತಿಯನ್ನು ಮನೆಯ ಬಕೆಟ್ಟಿನಲ್ಲೇ ಕರಗಿಸಿ ಗಿಡಕ್ಕೆ ಹಾಕುವುದು ಹೆಚ್ಚು ಶ್ರದ್ಧೆಯ ಕೆಲಸ.

ಕೆಲಸ ಹೆಚ್ಚಿತೇ, ಕಡಿಮೆಯಾಯಿತೇ?

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಹಬ್ಬದ ಕೆಲಸದಲ್ಲೇ ಬಸವಳಿದ ಹೆಂಗಸಿನ ಮೇಲೆ ಹದಿನೈದು ದಿನದ ಇನ್ನೊಂದು ಕೆಲಸ ಹೊರಿಸುವುದು ಯಾವ ನ್ಯಾಯ? ಅವಳೊಬ್ಬಳೇ ಮಾಡುವುದಾದರೆ ಆಕ್ಷೇಪ ಪೂರ್ತಿ ಸರಿ. ಆ ಮನೆಯಲ್ಲಿ ಈ ಲೇಖನದ ಸಲಹೆಗಳಿಂದ ಹೊರೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ತೀರ್ಮಾನಕ್ಕೊಂದು ಗುಣವಿದೆ, ಅದನ್ನು ಸಾಮಾನಿನ ಒಡೆಯರೇ ಮಾಡಬೇಕು. ಗಂಡನ ಕಾಲೇಜು ಪುಸ್ತಕಗಳು, ಕೇಬಲ್ಲುಗಳು, ಹಳೆಯ ಹೆಲ್ಮೆಟ್ಟುಗಳ ತೀರ್ಮಾನ ಗಂಡನದು. ಹಳೆಯ ನೋಟ್‌ಬುಕ್ಕು, ಆಟಿಕೆಗಳದು ಮಕ್ಕಳದು. ತೊಳೆಯುವ ಕೆಲಸವನ್ನು ಒಬ್ಬರ ತಲೆಗೆ ಹಾಕಿ ಉಳಿದವರು ನುಣುಚಿಕೊಳ್ಳಬಹುದು, ತಮ್ಮ ಸಾಮಾನಿನ ತೀರ್ಮಾನದಿಂದ ನುಣುಚಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಹಬ್ಬದ ಕೆಲಸದಲ್ಲಿ ಪಾಲು ಕೇಳಲು ಇದಕ್ಕಿಂತ ಸುಲಭದ ಬಾಗಿಲಿಲ್ಲ: ಪಿತೃಪಕ್ಷದ ಮೊದಲ ದಿನವೇ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕಪಾಟು ಹಂಚಿ, ಮಹಾಲಯ ಅಮಾವಾಸ್ಯೆಯ ಗಡುವು ಕೊಟ್ಟುಬಿಡುವುದು.

ಇಷ್ಟೆಲ್ಲ ಮಾಡಿದ ಮೇಲೂ ಮುಂದಿನ ವರ್ಷ ಅಟ್ಟ ತುಂಬದಿರಲು ಇನ್ನೊಂದು ಕೆಲಸ ಉಳಿಯುತ್ತದೆ. ಅದಕ್ಕೆ ಸರಿಯಾದ ದಿನ ಬಲಿಪಾಡ್ಯಮಿಯ ಮರುದಿನ. ಹಬ್ಬದ ಸಾಮಾನನ್ನು ಮತ್ತೆ ಡಬ್ಬಗಳಿಗೆ ತುಂಬುವಾಗ, ಈ ಸಲದ ನವರಾತ್ರಿಯಲ್ಲಾಗಲಿ ದೀಪಾವಳಿಯಲ್ಲಾಗಲಿ ಹೊರಗೆ ಬಾರದೇ ಉಳಿದ ಹಬ್ಬದ ಸಾಮಾನು ಯಾವುದು ಎಂದು ನೋಡಬೇಕು. ಹಚ್ಚದ ಹಣತೆಗಳ ಎರಡನೇ ರಾಶಿ, ಕಟ್ಟದ ಪ್ಲಾಸ್ಟಿಕ್ ತೋರಣ, ಅರ್ಧ ಉರಿಯುವ ದೀಪದ ಸರ, ಯಾರಿಗೂ ಬಡಿಸದ ದೊಡ್ಡ ಟ್ರೇ. ತನ್ನ ದಿನವೇ ಬಂದು ಹೋದರೂ ಬೇಕಾಗದ ವಸ್ತುವಿಗೆ ‘ಯಾವ ದಿನಕ್ಕೆ ಬೇಕು’ ಎಂಬ ಪ್ರಶ್ನೆಯ ಉತ್ತರ ಆಗಲೇ ಸಿಕ್ಕಿದೆ. ಅದನ್ನು ಡಬ್ಬಕ್ಕೆ ಹಾಕದೆ ಅಂದೇ ಹೊರಗೆ ಕಳಿಸಿ, ಉಳಿದದ್ದರ ಪಟ್ಟಿ ಬರೆದು ಅಂಟಿಸಿದರೆ, ಮುಂದಿನ ಪಕ್ಷಮಾಸದ ಕೆಲಸದಲ್ಲಿ ಒಂದು ಪಾಲು ಈಗಲೇ ಮುಗಿದಂತಾಯಿತು.